ಚಾಂಗ್ ಲಿವರ್ ಎಂದು ಬರೆದಿದ್ದ ಫ್ಲಾಸ್ಕ್: ಬೆಳಗಾವಿಯ ಒಂದು ಪಿಎಚ್‌ಡಿ ಪ್ರಕರಣ

2022ರ ಜೂನ್. ಬೆಳಗಾವಿಯಲ್ಲಿ ಮಳೆ ಹಿಡಿದುಕೊಂಡಿತ್ತು. ಸಂಜೆ ಆರೂವರೆಗೆ ನನ್ನ ಫೋನಿಗೆ ಒಂದು ಫೋಟೋ ಬಂತು. ಕಪ್ಪು ಹಿನ್ನೆಲೆ, ಅದರ ಮೇಲೆ ಬಿಳಿ ಗೆರೆಗಳು. ಪಿಸಿಆರ್ (ಬೇಕಾದ ಡಿಎನ್‌ಎ ತುಣುಕು ಇದೆಯೇ ಎಂದು ಹುಡುಕುವ ಪರೀಕ್ಷೆ) ಮಾಡಿ ಜೆಲ್‌ನಲ್ಲಿ ಓಡಿಸಿದ್ದರ ಫೋಟೋ. ಒಂದೊಂದು ಸ್ಯಾಂಪಲ್‌ಗೆ ಒಂದೊಂದು ಲೇನ್, ಅಂದರೆ ಸಾಲು. ಕೆಳಗೆ ಒಂದೇ ಸಾಲು: "ಮೇಡಂ, ನಾಲ್ಕನೇ ಲೇನ್ ನೋಡ್ರಿ."

ನಾಲ್ಕನೇ ಲೇನ್‌ನಲ್ಲಿ ಗೆರೆ ಬರಬಾರದಿತ್ತು. ಬಂದಿತ್ತು. ಎರಡನೇ ಲೇನ್‌ನಲ್ಲಿ ಎಷ್ಟು ದಪ್ಪ ಇತ್ತೋ ಅಷ್ಟೇ ದಪ್ಪ, ಅದೇ ಎತ್ತರದಲ್ಲಿ.

ಫೋಟೋ ಕಳಿಸಿದ ಹುಡುಗಿ ಆಗ ಪಿಎಚ್‌ಡಿಯ ನಾಲ್ಕನೇ ವರ್ಷದ ಕೊನೆಯಲ್ಲಿದ್ದಳು. ಅವಳ ಡಾಕ್ಟರಲ್ ಕಮಿಟಿಯಲ್ಲಿ ನಾನೂ ಒಬ್ಬಳು. ಈ ಪ್ರಕರಣ ಬರೆಯಲು ಅವಳ ಒಪ್ಪಿಗೆ ಇದೆ. ಅವಳ ಹೆಸರು, ಗೈಡ್ ಹೆಸರು, ಸಂಸ್ಥೆ, ಜರ್ನಲ್ ಯಾವುದನ್ನೂ ಹೇಳುವುದಿಲ್ಲ. ಅವಳು ಕೆಲಸ ಮಾಡಿದ ಗಿಡದ ಹೆಸರನ್ನೂ ಹೇಳುವುದಿಲ್ಲ, ಹೇಳಿದರೆ ಹುಡುಕುವುದು ಸುಲಭವಾಗುತ್ತದೆ. ಲ್ಯಾಬ್‌ನಲ್ಲಿ ಕೆಲಸ ಮಾಡುವ, ಮಾಡಬೇಕೆಂದಿರುವ ನಮ್ಮ ಕಡೆಯ ಮಕ್ಕಳು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಗೈಡ್‌ಗಳು ಓದಿದರೆ ಇನ್ನೂ ಒಳ್ಳೆಯದು.

ಬಂದ ದಾರಿ

ಜಮಖಂಡಿ ಕಡೆಯ ಹಳ್ಳಿ. ಮನೆಯಲ್ಲಿ ಕಬ್ಬು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಪರೀಕ್ಷೆ ಪಾಸಾಗಿ, 2018ರ ಆಗಸ್ಟ್‌ನಲ್ಲಿ ಬೆಳಗಾವಿಗೆ ಬಂದಳು. ಆಗ ವಯಸ್ಸು 23. ಫೆಲೋಶಿಪ್ ತಿಂಗಳಿಗೆ 25,000 ರೂಪಾಯಿ ಇತ್ತು, 2019ರ ಜನವರಿಯಿಂದ 31,000 ಆಯಿತು. ಕಾಗದದ ಮೇಲೆ ತಿಂಗಳಿಗೆ ಅಂತ ಇರುತ್ತದೆ. ಕೈಗೆ ಬರುವುದು ಆರು ತಿಂಗಳಿಗೊಮ್ಮೆ, ಕೆಲವು ಸಲ ಇನ್ನೂ ತಡ. ಅಲ್ಲಿಯವರೆಗೆ ರೂಮ್ ಬಾಡಿಗೆಗೆ ಅಪ್ಪನೇ ಗತಿ. ಫೆಲೋಶಿಪ್ ಒಟ್ಟು ಐದು ವರ್ಷ: ಎರಡು ವರ್ಷ ಜೆಆರ್‌ಎಫ್, ಮೂರು ವರ್ಷ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್). ಈ ಐದು ವರ್ಷ ಅನ್ನುವುದನ್ನು ನೆನಪಿಡಿ.

ವಿಷಯ ಸರಳವಾಗಿತ್ತು. ಖಾನಾಪುರದ ಕಾಡಿನ ಒಂದು ಗಿಡದ ತೊಗಟೆಯಿಂದ ಸಾರ ತೆಗೆಯುವುದು. ಅದು ಲಿವರ್ ಕ್ಯಾನ್ಸರ್ ಸೆಲ್‌ಗಳನ್ನು ಕೊಲ್ಲುತ್ತದೆಯೇ ನೋಡುವುದು. ಒಳ್ಳೆಯ ಲಿವರ್ ಸೆಲ್‌ಗಳನ್ನು ಬಿಟ್ಟುಬಿಡುತ್ತದೆಯೇ ಎನ್ನುವುದನ್ನೂ ನೋಡುವುದು.

ಎರಡನೆಯ ಪ್ರಶ್ನೆಯೇ ಇಡೀ ಕೆಲಸದ ಜೀವ. ಕ್ಯಾನ್ಸರ್ ಸೆಲ್ ಕೊಲ್ಲುವುದು ದೊಡ್ಡ ಮಾತಲ್ಲ. ಪ್ಲೇಟ್‌ಗೆ ಎರಡು ಹನಿ ಫಿನಾಯಿಲ್ ಹಾಕಿದರೂ ಸಾಯುತ್ತವೆ. ಕ್ಯಾನ್ಸರ್ ಸೆಲ್ ಸಾಯಬೇಕು, ಪಕ್ಕದ ಒಳ್ಳೆಯ ಸೆಲ್ ಬದುಕಬೇಕು. ಹಾಗಾದಾಗ ಮಾತ್ರ ಅದನ್ನು ಔಷಧಿ ಎಂದು ಯೋಚಿಸಬಹುದು.

ಕ್ಯಾನ್ಸರ್ ಸೆಲ್‌ಗೆ ಹೆಪ್‌ಜಿ2 ಆರಿಸಿದರು. 15 ವರ್ಷದ ಒಬ್ಬ ಹುಡುಗನ ಲಿವರ್ ಗೆಡ್ಡೆಯಿಂದ ದಶಕಗಳ ಹಿಂದೆ ಬೆಳೆಸಿದ ಸೆಲ್‌ಗಳು ಇವು. ಪುಣೆಯ ಎನ್‌ಸಿಸಿಎಸ್‌ನಲ್ಲಿ ರಾಷ್ಟ್ರೀಯ ಸೆಲ್ ಭಂಡಾರ ಇದೆ, ಅಲ್ಲಿಂದ ತಂದರು. ಹೋಗಿ ತಂದವಳು ಇವಳೇ. ಫ್ಲಾಸ್ಕ್‌ನ ಕುತ್ತಿಗೆಯವರೆಗೆ ಮೀಡಿಯಾ (ಸೆಲ್‌ಗಳನ್ನು ಬೆಳೆಸುವ ಪೋಷಕ ದ್ರಾವಣ) ತುಂಬಿಸಿ, ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಅರ್ಧ ತುಂಬಿಸಿದರೆ ಬಸ್ಸಿನ ಕುಲುಕಾಟಕ್ಕೆ ನೊರೆ ಎದ್ದು ಸೆಲ್‌ಗಳು ತಳ ಬಿಟ್ಟು ಏಳುತ್ತವೆ. ಅದಕ್ಕೇ ತುಂಬಿಸುವುದು. ಜೊತೆಗೆ ಕಾಗದ ಪತ್ರ ಎಲ್ಲ ಬಂತು.

ಒಳ್ಳೆಯ ಲಿವರ್ ಸೆಲ್ ಬಂದದ್ದು ಬೇರೆ ದಾರಿಯಲ್ಲಿ. ಗೈಡ್‌ಗೆ ಪರಿಚಯದ, ಬೇರೆ ಊರಿನ ಒಂದು ಲ್ಯಾಬ್. ಅವರು ಒಂದು ಫ್ಲಾಸ್ಕ್ ಕೊಟ್ಟರು. ಥರ್ಮಾಕೋಲ್ ಡಬ್ಬಿಯಲ್ಲಿ ಬಂತು. ಮೇಲೆ ನೀಲಿ ಮಾರ್ಕರ್‌ನಲ್ಲಿ "ಚಾಂಗ್ ಲಿವರ್" ಅಂತ ಬರೆದಿತ್ತು. ಎಷ್ಟನೇ ಪ್ಯಾಸೇಜ್, ಅಂದರೆ ಎಷ್ಟು ಸಲ ಹೊಸ ಫ್ಲಾಸ್ಕ್‌ಗೆ ಬದಲಿಸಿ ಬೆಳೆಸಿದ್ದು ಅನ್ನುವ ಕಡೆ ಬರೀ ಪ್ರಶ್ನೆ ಚಿಹ್ನೆ. ಯಾರೂ ಕೇಳಲಿಲ್ಲ. ಕೊಟ್ಟವರು ಉಪಕಾರ ಮಾಡಿದ್ದಾರೆ, ಅವರನ್ನು ಏನಂತ ಕೇಳುವುದು? ನಮ್ಮಲ್ಲಿ ಹೀಗೇ ನಡೆಯುತ್ತದೆ.

ಬೆಳಗಾವಿಗೆ ವೈದ್ಯಕೀಯ ಸಂಶೋಧನೆ ಹೊಸದೇನಲ್ಲ. ಹೆರಿಗೆಯ ನಂತರ ಆಗುವ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಕೊಡಬಹುದೇ ಎಂಬ ಪ್ರಯೋಗ ಈ ಜಿಲ್ಲೆಯ ಹಳ್ಳಿಗಳಲ್ಲೇ ನಡೆಯಿತು. 1,620 ಹೆಣ್ಣುಮಕ್ಕಳು ಅದರಲ್ಲಿದ್ದರು. ಮಾತ್ರೆ ಕೊಟ್ಟವರು ಹಳ್ಳಿಯ ಎಎನ್‌ಎಂ ಅಕ್ಕಂದಿರು. ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಅಂಥ ಪ್ರಯೋಗದಲ್ಲಿ ಯಾವ ಪೊಟ್ಟಣದಲ್ಲಿ ಮಾತ್ರೆ ಇದೆ, ಯಾವುದರಲ್ಲಿ ಬರೀ ಹುಸಿ ಗುಳಿಗೆ ಇದೆ ಎನ್ನುವುದಕ್ಕೆ ನಂಬರ್, ರಿಜಿಸ್ಟರ್, ಲೆಕ್ಕ ಎಲ್ಲ ಇರುತ್ತದೆ. ಅದೇ ಊರಿನ ನಮ್ಮ ಸೆಲ್ ಲ್ಯಾಬ್‌ಗಳಲ್ಲಿ? ಒಂದು ಮಾರ್ಕರ್ ಬರಹ. ಅಷ್ಟೇ ಗುರುತು.

ಗರಿಕೆಯ ಹಾಗೆ ಬೆಳೆದ ಸೆಲ್‌ಗಳು

2019 ಚೆನ್ನಾಗಿ ನಡೆಯಿತು. ಸಾರ ಹಾಕಿದಾಗ ಹೆಪ್‌ಜಿ2 ಸಾಯುತ್ತಿತ್ತು. ಚಾಂಗ್ ಸೆಲ್‌ಗಳು ಜಾಸ್ತಿ ಹಾಕಿದರೂ ತಡೆದುಕೊಳ್ಳುತ್ತಿದ್ದವು. ಗ್ರಾಫ್ ನೋಡಿದರೆ ಎರಡು ಗೆರೆಗಳು ದೂರ ದೂರ. ಯಾರಿಗಾದರೂ ಖುಷಿ ಆಗುವಂಥ ಗ್ರಾಫ್.

ಇಲ್ಲಿ ನನ್ನ ತಪ್ಪನ್ನು ಹೇಳಲೇಬೇಕು. ಮೂರು ವರ್ಷ ಮೂರು ಪ್ರಗತಿ ವರದಿಗೆ ನಾನು ಸಹಿ ಹಾಕಿದ್ದೇನೆ. ಒಂದು ವರದಿಯಲ್ಲಿ "ಚಾಂಗ್ ಸೆಲ್‌ಗಳು ದಿನಕ್ಕೆ ಇಮ್ಮಡಿಯಾಗುತ್ತವೆ" ಎಂದು ಬರೆದಿತ್ತು. ನಾನು ಸೆಲ್ ಬಯಾಲಜಿ ಕಲಿತವಳು. ದೇಹದಿಂದ ತೆಗೆದ ಒಳ್ಳೆಯ ಲಿವರ್ ಸೆಲ್ ಪ್ಲೇಟ್‌ನಲ್ಲಿ ಗರಿಕೆಯ ಹಾಗೆ ಬೆಳೆಯುವುದಿಲ್ಲ. ಬದುಕಿ ಉಳಿದರೇ ದೊಡ್ಡದು. ಆ ಸಾಲು ಓದಿದಾಗಲೇ ನನ್ನ ತಲೆಯಲ್ಲಿ ಗಂಟೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಚಹಾ ಕುಡಿದು, ಚೆನ್ನಾಗಿದೆ ಎಂದು ಹೇಳಿ ಸಹಿ ಹಾಕಿ ಬಂದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಸೆಲ್‌ಗಳನ್ನೆಲ್ಲ ವಯಲ್‌ಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಟ್ಯಾಂಕ್‌ನಲ್ಲಿ ಇಳಿಸಿದಳು. ನೈಟ್ರೋಜನ್ ತಾನಾಗಿ ಆವಿಯಾಗುತ್ತಿರುತ್ತದೆ, ಕೆಲವು ದಿನಕ್ಕೊಮ್ಮೆ ತುಂಬಿಸದಿದ್ದರೆ ಎಲ್ಲ ಹೋಯಿತು. ಪಾಸ್ ಹಿಡಿದು ಬಂದು ತುಂಬಿಸಿ ಹೋಗುತ್ತಿದ್ದಳು. ಕೆಲವೇ ತಿಂಗಳಲ್ಲಿ ಅವಳನ್ನೂ ಕೋವಿಡ್ ಪರೀಕ್ಷೆಗೆ ಹಾಕಿದರು. ಪಿಪಿಇ ಹಾಕಿಕೊಂಡು ಪಾಳಿಯಲ್ಲಿ ಆರ್‌ಟಿ-ಪಿಸಿಆರ್ ಮಾಡಿದಳು. ಅವಳ ಸ್ವಂತ ಕೆಲಸ ಒಂದು ವರ್ಷದ ಹತ್ತಿರ ನಿಂತಿತು. ಆದರೆ ಪಿಸಿಆರ್‌ನಲ್ಲಿ ಕೈ ಕೂತಿತು. ಯಾವ ಗೆರೆ ನಂಬಬೇಕು, ಯಾವುದು ಬರೀ ಕೊಳೆಯಿಂದ ಬಂದದ್ದು ಎನ್ನುವುದು ಕಣ್ಣಿಗೆ ಹಿಡಿಯಿತು. ಮುಂದೆ ಉಪಯೋಗಕ್ಕೆ ಬಂದದ್ದು ಇದೇ.

2021ರ ಫೆಬ್ರವರಿಯಲ್ಲಿ ಮೊದಲ ಪೇಪರ್ ಬಂತು. "ಒಳ್ಳೆಯ ಲಿವರ್ ಸೆಲ್‌ಗಳಿಗೆ ತೊಂದರೆ ಮಾಡದೆ ಕ್ಯಾನ್ಸರ್ ಸೆಲ್ ಕೊಲ್ಲುತ್ತದೆ" ಎನ್ನುವುದು ಅದರ ಸಾರಾಂಶ. ಅವಳು ಸೇರಿದ ಕಾಲದ ಯುಜಿಸಿ ನಿಯಮದ ಪ್ರಕಾರ ಥೀಸಿಸ್ ಕೊಡುವ ಮೊದಲು ಒಂದು ಪೇಪರ್ ಇರಲೇಬೇಕಿತ್ತು. 2022ರ ನಿಯಮದಲ್ಲಿ ಆ ಕಡ್ಡಾಯ ಹೋಗಿದೆ. ಅವಳಿಗೆ ಅಂತೂ ಅದು ದಾಟಲೇಬೇಕಾದ ಹೊಸ್ತಿಲಾಗಿತ್ತು, ದಾಟಿದ್ದಳು.

ಎರಡನೇ ಪೇಪರ್ ಬೇರೆ ಜರ್ನಲ್‌ಗೆ ಕಳಿಸಿದರು. 2022ರ ಮೇ ತಿಂಗಳಲ್ಲಿ ರಿವ್ಯೂ ಬಂತು. ಒಬ್ಬ ರಿವ್ಯೂವರ್ ಬೇರೆಲ್ಲ ಬಿಟ್ಟು ಒಂದೇ ವಿಷಯ ಕೇಳಿದ್ದರು. ನೀವು ಬಳಸಿದ ಚಾಂಗ್ ಲಿವರ್ ಸೆಲ್, ತಪ್ಪು ಗುರುತಿನ ಸೆಲ್‌ಗಳ ಪಟ್ಟಿಯಲ್ಲಿದೆ. ನಿಮ್ಮ ಸೆಲ್‌ಗಳನ್ನು ಪರೀಕ್ಷೆ ಮಾಡಿಸಿದ್ದೀರಾ?

ಅವಳು ಆ ರಾತ್ರಿಯೇ ಪಟ್ಟಿ ತೆಗೆದು ನೋಡಿದಳು. ಐಸಿಎಲ್‌ಎಸಿ ಎಂಬ ಅಂತಾರಾಷ್ಟ್ರೀಯ ಸಮಿತಿ ಇಟ್ಟಿರುವ ಪಟ್ಟಿ ಅದು. ಐನೂರಕ್ಕೂ ಹೆಚ್ಚು ಸೆಲ್ ಲೈನ್‌ಗಳ (ಲ್ಯಾಬ್‌ನಲ್ಲಿ ಬೆಳೆಸುತ್ತಲೇ ಬಂದ ಸೆಲ್ ವಂಶಗಳ) ಹೆಸರು ಅದರಲ್ಲಿವೆ. ಚಾಂಗ್ ಲಿವರ್ ಮುಂದೆ ಒಂದೇ ಪದ: ಹೀಲಾ.

ಹೀಲಾ ಬಗ್ಗೆ

1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳು ಬಂದಳು. ಗರ್ಭಕಂಠದ ಕ್ಯಾನ್ಸರ್. ಅವಳನ್ನು ಕೇಳದೆಯೇ ಗೆಡ್ಡೆಯ ಚೂರು ತೆಗೆದು ಲ್ಯಾಬ್‌ಗೆ ಕಳಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವಳು ತೀರಿಕೊಂಡಳು. ಸೆಲ್‌ಗಳು ಬೆಳೆಯುತ್ತಲೇ ಹೋದವು. ಇಂದಿಗೂ ಬೆಳೆಯುತ್ತಿವೆ. ಅವಳ ಹೆಸರಿನ ಮೊದಲ ಅಕ್ಷರಗಳಿಂದಲೇ ಹೀಲಾ ಎಂಬ ಹೆಸರು ಬಂತು.

ಹೀಲಾ ಎಷ್ಟು ಗಟ್ಟಿ ಎಂದರೆ, ಒಂದೇ ಹನಿ ಪಕ್ಕದ ಫ್ಲಾಸ್ಕ್‌ಗೆ ಬಿದ್ದರೂ ಸಾಕು. ಒಂದೇ ಪಿಪೆಟ್ ಎರಡು ಬಾಟಲಿಗೆ ಇಳಿದರೂ ಸಾಕು. ಕೆಲವು ವಾರಗಳಲ್ಲಿ ಮೂಲ ಸೆಲ್‌ಗಳು ಸತ್ತು ಹೀಲಾ ತುಂಬಿಕೊಳ್ಳುತ್ತದೆ. ಫ್ಲಾಸ್ಕ್ ಮೇಲಿನ ಹೆಸರು ಮಾತ್ರ ಹಳೆಯದೇ ಇರುತ್ತದೆ. ಚಾಂಗ್ ಲಿವರ್ ಅನ್ನು 1954ರಲ್ಲಿ ಲಿವರ್‌ನಿಂದ ಬೆಳೆಸಿದ್ದು ಎಂದು ಪ್ರಕಟಿಸಿದ್ದರು. 1966ರಲ್ಲಿ ಸ್ಟಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ ಕಿಣ್ವಗಳ ಬಗೆ ನೋಡಿ, ಹೀಗೆ ಬೇರೆ ಬೇರೆ ಹೆಸರಲ್ಲಿರುವ ಹಲವು ಸೆಲ್ ಲೈನ್‌ಗಳು ಒಂದೇ ಎಂದು ತೋರಿಸಿದರು. ಚಾಂಗ್ ಲಿವರ್ ಕೂಡ ಅದರಲ್ಲಿತ್ತು.

ಅಂದರೆ ನಮ್ಮ ಹುಡುಗಿ ಹುಟ್ಟುವುದಕ್ಕೂ ಸುಮಾರು ಮೂವತ್ತು ವರ್ಷ ಮೊದಲೇ ಇದು ಗೊತ್ತಿದ್ದ ವಿಷಯ. ಆದರೂ "ನಾರ್ಮಲ್ ಲಿವರ್ ಸೆಲ್" ಎಂದು ಇದನ್ನು ಬಳಸಿದ ಪೇಪರ್‌ಗಳು ಈಗಲೂ ಬರುತ್ತಿವೆ. ಒಬ್ಬರ ಪೇಪರ್ ನೋಡಿ ಇನ್ನೊಬ್ಬರು ಬಳಸುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಗೊತ್ತಿಲ್ಲದ ಹೊಸ ಹುಡುಗಿಯ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ. ಗೊತ್ತಿರಬೇಕಾದವರು ನಾವು ಎಷ್ಟು ಜನ ಸುಮ್ನೆ ಇದ್ದೆವು ಅಲ್ವಾ?

ಈಗ ಜೆಲ್‌ಗೆ ಬರೋಣ. ಹೀಲಾ ಸೆಲ್‌ಗಳ ವರ್ಣತಂತುವಿನೊಳಗೆ ಎಚ್‌ಪಿವಿ-18 ವೈರಸ್‌ನ ಡಿಎನ್‌ಎ ಸೇರಿಕೊಂಡಿದೆ. ಆ ಕ್ಯಾನ್ಸರ್ ಹುಟ್ಟಿದ್ದೇ ಅದರಿಂದ. ಒಳ್ಳೆಯ ಲಿವರ್ ಸೆಲ್‌ನಲ್ಲಿ ಅದಕ್ಕೆ ಏನು ಕೆಲಸ? ಹಾಗಾಗಿ ಎಚ್‌ಪಿವಿ-18 ಹುಡುಕುವ ಪಿಸಿಆರ್ ಮಾಡಿದರೆ ಒಂದೇ ದಿನದಲ್ಲಿ ಸುಳಿವು ಸಿಗುತ್ತದೆ. ಇದು ಯಾರೂ ಹೇಳಿಕೊಟ್ಟದ್ದಲ್ಲ, ಅವಳೇ ಯೋಚಿಸಿದ್ದು. ಮೊದಲ ಲೇನ್ ಲ್ಯಾಡರ್, ಅಂದರೆ ಡಿಎನ್‌ಎ ತುಣುಕಿನ ಉದ್ದ ತಿಳಿಯುವ ಅಳತೆಪಟ್ಟಿ. ಎರಡು, ಪಕ್ಕದ ಲ್ಯಾಬ್‌ನಿಂದ ಕೇಳಿ ತಂದ ಹೀಲಾ; ಗೆರೆ ಬಂದೇ ಬರಬೇಕಾದ ಪಾಸಿಟಿವ್ ಕಂಟ್ರೋಲ್ ಇದು. ಮೂರು, ಹೆಪ್‌ಜಿ2. ನಾಲ್ಕು, ಚಾಂಗ್. ಐದು, ಬರೀ ನೀರು. ಮೂರು ಮತ್ತು ಐದು ಖಾಲಿ. ಎರಡು ಮತ್ತು ನಾಲ್ಕರಲ್ಲಿ ಗೆರೆ.

ಮರುದಿನ ನಾನು ಲ್ಯಾಬ್‌ಗೆ ಹೋದೆ. ಟ್ಯಾಂಕ್‌ನಲ್ಲಿದ್ದ ಎಲ್ಲಕ್ಕಿಂತ ಹಳೆಯ ವಯಲ್ ತೆಗೆದು ಮತ್ತೆ ಮಾಡೋಣ ಎಂದೆ. ಈಚೆಗೆ ನಮ್ಮ ಲ್ಯಾಬ್‌ನಲ್ಲೇ ಏನಾದರೂ ಬೆರೆತಿದ್ದರೆ ಹಳೆಯ ವಯಲ್ ಶುದ್ಧ ಇರಬೇಕಲ್ಲ. ಅದರಲ್ಲೂ ಗೆರೆ ಬಂತು. ಆಮೇಲೆ ಡಿಎನ್‌ಎ ತೆಗೆದು ಎಸ್‌ಟಿಆರ್ ಪರೀಕ್ಷೆಗೆ ಕಳಿಸಿದಳು. ಪೊಲೀಸರು ಗುರುತು ಹಿಡಿಯಲು ಮಾಡಿಸುವ ಡಿಎನ್‌ಎ ಪರೀಕ್ಷೆಯ ಜಾತಿಯದೇ ಅದು. ಖರ್ಚು ಕೆಲವು ಸಾವಿರ ರೂಪಾಯಿ. ಆ ಹಣವನ್ನು ಗೈಡ್ ತಮ್ಮ ಜೇಬಿನಿಂದ ಕೊಟ್ಟರು, ಅದನ್ನೂ ಇಲ್ಲಿ ಹೇಳಬೇಕು. ಜುಲೈನಲ್ಲಿ ವರದಿ ಬಂತು. ಡಿ13ಎಸ್317 ಎಂಬ ಜಾಗದಲ್ಲಿ 12 ಮತ್ತು 13.3. ಈ 13.3 ಅಪರೂಪದ ಸಂಖ್ಯೆ, ಹೀಲಾ ವರದಿಯಲ್ಲಿ ಕಣ್ಣಿಗೆ ಹೊಡೆಯುವಂಥದ್ದು. ಉಳಿದ ಜಾಗಗಳೂ ಹೊಂದಿದವು. ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಸೆಲ್ ಇಲ್ಲದ ಬಾವಿಗಳೂ ನೇರಳೆ

ಒಂದು ತಪ್ಪು ಸಿಕ್ಕ ಮೇಲೆ ಅವಳಿಗೆ ನಿದ್ದೆ ಬರಲಿಲ್ಲ. ಉಳಿದದ್ದನ್ನೂ ಒಂದೊಂದಾಗಿ ಬಿಚ್ಚಿ ನೋಡತೊಡಗಿದಳು.

ಸೆಲ್ ಬದುಕಿದೆಯೋ ಸತ್ತಿದೆಯೋ ನೋಡಲು ಅವಳು ಬಳಸಿದ್ದು ಎಂಟಿಟಿ ಪರೀಕ್ಷೆ. 1983ರಿಂದ ಬಳಕೆಯಲ್ಲಿದೆ, ಅಗ್ಗ, ಎಲ್ಲ ಲ್ಯಾಬ್‌ನಲ್ಲೂ ಮಾಡುತ್ತಾರೆ. ಹಳದಿ ಬಣ್ಣದ ಎಂಟಿಟಿ ಹಾಕಿದರೆ ಬದುಕಿರುವ ಸೆಲ್‌ಗಳು ಅದನ್ನು ನೇರಳೆ ಹರಳು ಮಾಡುತ್ತವೆ. ಜಾಸ್ತಿ ನೇರಳೆ ಎಂದರೆ ಜಾಸ್ತಿ ಸೆಲ್ ಬದುಕಿವೆ ಎಂದು ಲೆಕ್ಕ.

ಒಂದು ಮಧ್ಯಾಹ್ನ 96 ಬಾವಿಗಳ (ಸಣ್ಣ ಗುಳಿಗಳ) ಪ್ಲೇಟ್ ತೆಗೆದುಕೊಂಡು, ಸೆಲ್ ಹಾಕದೆ, ಬರೀ ಮೀಡಿಯಾ ಮತ್ತು ಗಿಡದ ಸಾರ ಹಾಕಿದಳು. ಮೇಲೆ ಎಂಟಿಟಿ. ನಾಲ್ಕು ಗಂಟೆ ಇನ್ಕ್ಯುಬೇಟರ್‌ನಲ್ಲಿಟ್ಟು ತೆಗೆದಳು. ನಾನು ಪಕ್ಕದಲ್ಲೇ ಇದ್ದೆ. ಸಾರ ಕಡಿಮೆ ಇದ್ದ ಕಡೆ ಹಳದಿ. ಬಲಕ್ಕೆ ಹೋದಂತೆ, ಸಾರ ಜಾಸ್ತಿಯಾದಂತೆ, ನಸುನೇರಳೆ, ಆಮೇಲೆ ಕಡು ನೇರಳೆ. ಒಂದು ಸೆಲ್ಲೂ ಇಲ್ಲದ ಪ್ಲೇಟ್! ಅವಳು ಪ್ಲೇಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಏನೂ ಮಾತಾಡಲಿಲ್ಲ.

ಕಾರಣ ಇಷ್ಟು. ತೊಗಟೆಯ ಸಾರದಲ್ಲಿ ಪಾಲಿಫಿನಾಲ್‌ಗಳು ತುಂಬಾ ಇರುತ್ತವೆ. ಅವು ಸೆಲ್‌ಗಳ ಸಹಾಯ ಇಲ್ಲದೆ ತಾವೇ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಅಂದರೆ ಸಾರ ಜಾಸ್ತಿ ಹಾಕಿದಾಗ "ಚಾಂಗ್ ಸೆಲ್ ತಡೆದುಕೊಂಡಿವೆ" ಎಂದು ಕಂಡದ್ದರಲ್ಲಿ ಒಂದು ಪಾಲು ಸೆಲ್‌ಗಳದ್ದೇ ಅಲ್ಲ, ಸಾರದ್ದು. ಈ ಸೆಲ್ ಇಲ್ಲದ ಸಾಲನ್ನು ಮೊದಲ ದಿನವೇ ಹಾಕಬೇಕು. ಗಿಡದ ಸಾರದ ಮೇಲೆ ಕೆಲಸ ಮಾಡುವ ಯಾರೇ ಇದನ್ನು ಓದುತ್ತಿದ್ದರೆ, ನಾಳೆ ಬೆಳಿಗ್ಗೆಯೇ ಹಾಕಿ ನೋಡಿ. ಖರ್ಚು ಏನೂ ಇಲ್ಲ.

ಆಗಸ್ಟ್‌ನ ಮೀಟಿಂಗ್

2022ರ ಆಗಸ್ಟ್‌ನಲ್ಲಿ ಕಮಿಟಿ ಸೇರಿತು. ಫೆಲೋಶಿಪ್ ಮುಗಿಯಲು ಸರಿಯಾಗಿ ಒಂದು ವರ್ಷ ಇತ್ತು. ಥೀಸಿಸ್‌ನ ಎರಡು ಅಧ್ಯಾಯ ಬರೆದಾಗಿತ್ತು. ಎರಡೂ ಚಾಂಗ್ ಮೇಲೆ ನಿಂತಿದ್ದವು.

ಗೈಡ್ ಕೆಟ್ಟವರಲ್ಲ. ಅವರ ಪ್ರಾಜೆಕ್ಟ್‌ನ ಕೊನೆಯ ವರದಿ ಅದೇ ಫಲಿತಾಂಶದ ಮೇಲೆ ಹೋಗಿತ್ತು. ಪ್ರಮೋಷನ್ ಫೈಲ್ ನಡೆಯುತ್ತಿತ್ತು. "ಈ ಸೆಲ್ ಮ್ಯಾಲೆ ಎಷ್ಟೋ ಪೇಪರ್ ಬಂದಾವ. ನಾವೇನ್ ಹೊಸಾ ತಪ್ಪ ಮಾಡಿಲ್ಲ. ಈಕಿ ಥೀಸಿಸ್ ಕೊಟ್ಟ ಮುಂದ ಹೋಗ್ಲಿ" ಎಂದರು. ಆ ಮಾತಿನಲ್ಲಿ ತಮ್ಮನ್ನು ಉಳಿಸಿಕೊಳ್ಳುವುದೂ ಇತ್ತು, ಹುಡುಗಿಯ ವರ್ಷಗಳು ಹಾಳಾಗಬಾರದು ಎನ್ನುವ ಕಾಳಜಿಯೂ ಇತ್ತು. ಎರಡನ್ನೂ ನಾನು ನಂಬುತ್ತೇನೆ.

ಇನ್ನೊಬ್ಬ ಸದಸ್ಯರು ನಡುವಿನ ದಾರಿ ಹೇಳಿದರು. ಎಲ್ಲ ಕಡೆ "ಚಾಂಗ್ ಲಿವರ್" ತೆಗೆದು "ಹೀಲಾ" ಎಂದು ಬರೆಯಿರಿ, ಅಂಕಿ ಹಾಗೇ ಇರಲಿ. ಕೇಳಲು ಚೆನ್ನಾಗಿದೆ. ಆದರೆ ಆಗ ಉಳಿಯುವುದೇನು? ಒಂದು ಕ್ಯಾನ್ಸರ್ ಸೆಲ್ ಸಾಯುತ್ತದೆ, ಇನ್ನೊಂದು ಕ್ಯಾನ್ಸರ್ ಸೆಲ್ ಸ್ವಲ್ಪ ತಡವಾಗಿ ಸಾಯುತ್ತದೆ ಎನ್ನುವಷ್ಟೇ. ಅದೂ ಎಂಟಿಟಿ ಅಂಕಿಯನ್ನು ನಂಬಿದರೆ.

ಅವಳು ಅಲ್ಲಿಯವರೆಗೆ ಸುಮ್ಮನೆ ಕೂತಿದ್ದಳು. ಕೊನೆಗೆ ಎದ್ದು ನಿಂತು ಹೇಳಿದಳು: "ಸರ್, ನಾರ್ಮಲ್ ಸೆಲ್ ಉಳಿತಾವ ಅಂತ ನಾ ಬರದೀನ್ರಿ. ನಾಳೆ ಯಾರರ ಅದನ್ನ ಓದಿ ಔಷಧ ಮಾಡಾಕ ಹೊಂಟ್ರ? ನನಗ ಒಂದ ಸರೀ ಕಂಟ್ರೋಲ್ ಮಾಡಾಕ ಬಿಡ್ರಿ."

ಗೈಡ್ ಬಹಳ ಹೊತ್ತು ಕಿಟಕಿಯ ಕಡೆ ನೋಡಿದರು. "ಮುಂದಿನ ವರ್ಷ ರೊಕ್ಕ ನಿಲ್ಲತೈತಿ, ಗೊತ್ತೈತಿಲ್ಲೋ ತಂಗಿ?" ಎಂದರು. "ಗೊತ್ತೈತ್ರಿ" ಎಂದಳು.

ಸರಿಯಾದ ಸೆಲ್‌ಗಳ ಮೇಲೆ ಕಂಟ್ರೋಲ್ (ಹೋಲಿಸಿ ನೋಡುವ ಪ್ರಯೋಗ) ಮತ್ತೆ ಮಾಡುವುದು, ಎಂಟಿಟಿ ಬದಲು ಎಸ್‌ಆರ್‌ಬಿ ಪರೀಕ್ಷೆ (ಸೆಲ್‌ಗಳ ಪ್ರೋಟೀನ್‌ಗೆ ಬಣ್ಣ ಹತ್ತಿಸಿ ಅಳೆಯುವುದು) ಮತ್ತು ಟ್ರಿಪಾನ್ ಬ್ಲೂ (ಸತ್ತ ಸೆಲ್‌ಗಳಿಗೆ ಹತ್ತುವ ನೀಲಿ ಬಣ್ಣ) ಎಣಿಕೆ ಬಳಸುವುದು, ಮೊದಲ ಪೇಪರ್‌ನ ಜರ್ನಲ್‌ಗೆ ತಿಳಿಸುವುದು ಎಂದು ನಡಾವಳಿಯಲ್ಲಿ ಬರೆದೆವು. ಎರಡನೇ ಪೇಪರ್ ವಾಪಸ್ ತೆಗೆದುಕೊಂಡರು. ನಾನು ಅವಳ ಪರವಾಗಿ ಮಾತಾಡಿದೆ. ಆದರೆ ಬೆಲೆ ಕಟ್ಟಬೇಕಾದವಳು ನಾನಲ್ಲ ಎನ್ನುವುದು ಆಗಲೂ ಗೊತ್ತಿತ್ತು.

ಇಮ್ಮಡಿಯಾಗದ ಸೆಲ್‌ಗಳು

ಒಳ್ಳೆಯ ಮನುಷ್ಯ ಲಿವರ್ ಸೆಲ್ ಕೊಳ್ಳುವಷ್ಟು ಹಣ ಇರಲಿಲ್ಲ. ಇಲಿಯ ಲಿವರ್‌ನಿಂದ ತಾಜಾ ಸೆಲ್ ತೆಗೆಯುವುದೆಂದು ಆಯಿತು. ಪ್ರಾಣಿ ನೀತಿ ಸಮಿತಿಯ ಒಪ್ಪಿಗೆಗೇ ನಾಲ್ಕು ತಿಂಗಳು ಹೋಯಿತು. ಬೇರೆ ಊರಿನ ಲ್ಯಾಬ್‌ಗೆ ಹೋಗಿ ಒಂದು ವಾರ ಇದ್ದು ಕಲಿತು ಬಂದಳು.

ಕೆಲಸ ನಾಜೂಕು. ಮಂಪರಿನಲ್ಲಿರುವ ಇಲಿಯ ಲಿವರ್‌ಗೆ ಹೋಗುವ ರಕ್ತನಾಳಕ್ಕೆ ಸಣ್ಣ ನಳಿಕೆ ಹಾಕಿ, ಮೊದಲು ಕ್ಯಾಲ್ಸಿಯಂ ಇಲ್ಲದ ಬಿಸಿ ದ್ರಾವಣ ಹಾಯಿಸಬೇಕು. ಕಡು ಕೆಂಪಿನ ಲಿವರ್ ನೋಡನೋಡುತ್ತಾ ಕೆನೆಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕೊಲಾಜಿನೇಸ್ ಎಂಬ ಕಿಣ್ವ. ಸೆಲ್‌ಗಳನ್ನು ಹಿಡಿದಿಟ್ಟಿರುವ ಹೆಣಿಗೆ ಸಡಿಲವಾಗುತ್ತದೆ. ಸ್ವಲ್ಪ ಹೆಚ್ಚಾದರೆ ಸೆಲ್ ಸಾಯುತ್ತದೆ, ಕಡಿಮೆಯಾದರೆ ಬಿಡುವುದೇ ಇಲ್ಲ. ಮೊದಲ ಮೂರು ಸಲ ಕೆಟ್ಟಿತು. ಟ್ರಿಪಾನ್ ಬ್ಲೂ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಸೆಲ್ ನೀಲಿ, ಅಂದರೆ ಸತ್ತವು. ನಾಲ್ಕನೇ ಸಲ ಸರಿಹೋಯಿತು.

ಮರುದಿನ ಅವಳು ನನ್ನನ್ನು ಕರೆದು ತೋರಿಸಿದಳು. ಮೂಲೆ ಮೂಲೆಯಾಗಿ ಜೋಡಿಸಿದ ಹೆಂಚಿನ ಹಾಗೆ ಕೂತಿದ್ದವು. ಕೆಲವು ಸೆಲ್‌ಗಳಲ್ಲಿ ಎರಡೆರಡು ನ್ಯೂಕ್ಲಿಯಸ್, ಲಿವರ್ ಸೆಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು. ಎರಡು ದಿನ ಬಿಟ್ಟು ನೋಡಿದರೂ ಅಷ್ಟೇ ಸೆಲ್. "ಮೇಡಂ, ಇವು ಬೆಳೆಯಾಕತ್ತಿಲ್ರಿ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದನ್ನು ಅಂದು ನೋಡಿದೆ.

ಫಲಿತಾಂಶ ನಾವು ಬಯಸಿದ ಹಾಗೆ ಬರಲಿಲ್ಲ. ಹೆಪ್‌ಜಿ2 ಕೊಲ್ಲುವ ಪ್ರಮಾಣದಲ್ಲೇ ಇಲಿಯ ಲಿವರ್ ಸೆಲ್‌ಗಳೂ ಸಾಯುತ್ತಿದ್ದವು. ಐದು ಇಲಿ, ಐದು ಸಲ, ಪ್ರತಿ ಸಲ ಅದೇ. ಗಿಡದ ಸಾರ ಒಳ್ಳೆಯದು ಕೆಟ್ಟದ್ದು ನೋಡುತ್ತಿರಲಿಲ್ಲ. ಥೀಸಿಸ್‌ನ ಶೀರ್ಷಿಕೆಯೇ ಬದಲಾಯಿತು.

2023ರ ಆಗಸ್ಟ್‌ನಲ್ಲಿ ಫೆಲೋಶಿಪ್ ನಿಂತಿತು. ಎಸ್‌ಆರ್‌ಎಫ್ ಮೊತ್ತ 42,000ಕ್ಕೆ ಏರಿದ್ದ ವರ್ಷವೇ ಅದು. ಅವಳಿಗೆ ಆ ದರ ಸಿಕ್ಕಿದ್ದು ಕೆಲವೇ ತಿಂಗಳು. ಆಮೇಲೆ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಪಾಠ, ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರವರೆಗೆ ಲ್ಯಾಬ್. ಬಂದದ್ದು ಫೆಲೋಶಿಪ್‌ನ ಅರ್ಧವೂ ಇರಲಿಲ್ಲ. ಊರಿಗೆ ಹೋದಾಗ ಅವ್ವ ಕೇಳುತ್ತಿದ್ದರಂತೆ, "ಇನ್ನ ಎಷ್ಟ ವರ್ಷ ಸಾಲಿ ಕಲಿತಿ?" ಅಪ್ಪ ಮಾತ್ರ ಒಂದು ದಿನ ಕೂರಿಸಿಕೊಂಡು, ಏನಾಯಿತು ಪೂರ್ತಿ ಹೇಳು ಎಂದರಂತೆ. ಹೇಳಿದಳು. ಎಲ್ಲ ಕೇಳಿ, "ಬೀಜದ ಚೀಲದ ಮ್ಯಾಲೆ ಒಂದ ಬರದ ಒಳಗ ಒಂದ ಹಾಕಿದ್ರಂತ ಅನ್ನು" ಎಂದರಂತೆ. ಹೀಲಾ ಬಗ್ಗೆ ನಾನು ಕ್ಲಾಸಿನಲ್ಲಿ ಪಾಠ ಮಾಡುವಾಗ ಈಗ ಇದನ್ನೇ ಹೇಳುತ್ತೇನೆ.

ಜರ್ನಲ್‌ಗೆ ಪತ್ರ

ಇದಕ್ಕೆ ಇಷ್ಟು ಕಷ್ಟ ಇರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಪೇಪರ್‌ನಲ್ಲಿ ಐದು ಜನ ಲೇಖಕರು. ಐವರ ಸಹಿಯೂ ಬೇಕು ಎಂದು ಜರ್ನಲ್ ಕೇಳಿತು. ಗೈಡ್ ಎರಡು ತಿಂಗಳು ಯೋಚಿಸಿ, ಕೊನೆಗೆ ತಾವೇ ಪತ್ರದ ಕರಡು ತಿದ್ದಿ ಸಹಿ ಮಾಡಿದರು. ಒಬ್ಬ ಸಹಲೇಖಕರು ಬೇರೆ ಕಡೆ ಹೋಗಿದ್ದರು, ಉತ್ತರವೇ ಇಲ್ಲ. ಏಳು ತಿಂಗಳು ಅಲ್ಲಿ ಹೋಯಿತು.

ಪೂರ್ತಿ ವಾಪಸ್ ತೆಗೆಯಬೇಕೋ, ತಿದ್ದುಪಡಿ ಸಾಕೋ ಎಂಬ ಪ್ರಶ್ನೆ ಇತ್ತು. ಪ್ರಕಟಣಾ ನೀತಿಯ ಅಂತಾರಾಷ್ಟ್ರೀಯ ಸಮಿತಿಯಾದ ಸಿಒಪಿಇಯ ಮಾರ್ಗದರ್ಶಿ ಪ್ರಕಾರ, ಫಲಿತಾಂಶ ನಂಬಲಾಗದಂತಿದ್ದರೆ, ಪ್ರಾಮಾಣಿಕ ತಪ್ಪಿನಿಂದಲೇ ಆಗಿದ್ದರೂ ವಾಪಸ್ ತೆಗೆಯಬಹುದು. ನನ್ನ ಪ್ರಕಾರ ವಾಪಸ್ ತೆಗೆಯುವುದೇ ಸರಿಯಿತ್ತು. ಸಂಪಾದಕರು ತಿದ್ದುಪಡಿ ಸಾಕೆಂದರು, ಏಕೆಂದರೆ ಪೇಪರ್‌ನ ಇನ್ನರ್ಧ ರಾಸಾಯನಿಕ ವಿಶ್ಲೇಷಣೆ, ಅದರಲ್ಲಿ ತಪ್ಪಿರಲಿಲ್ಲ. 2024ರ ಮಾರ್ಚ್‌ನಲ್ಲಿ ತಿದ್ದುಪಡಿ ಬಂತು. ಸೆಲ್ ಹೀಲಾ ಎಂದೂ, ಒಳ್ಳೆಯ ಸೆಲ್‌ಗಳಿಗೆ ತೊಂದರೆ ಇಲ್ಲ ಎಂಬ ಮಾತನ್ನು ಹಿಂತೆಗೆದುಕೊಂಡಿದ್ದೇವೆ ಎಂದೂ ಅದರಲ್ಲಿದೆ.

2024ರ ನವೆಂಬರ್‌ನಲ್ಲಿ ಥೀಸಿಸ್ ಕೊಟ್ಟಳು. ಸೇರಿ ಆರು ವರ್ಷ ಮೂರು ತಿಂಗಳಾಗಿತ್ತು. ಆರು ವರ್ಷದ ಮಿತಿಯ ಮೇಲೆ ಹೆಣ್ಣುಮಕ್ಕಳಿಗೆ ಎರಡು ವರ್ಷ ಸಡಿಲಿಕೆ ಇರುವುದರಿಂದ ನೋಂದಣಿ ಉಳಿಯಿತು. 2025ರಲ್ಲಿ ವೈವಾ. ಹೊರಗಿನಿಂದ ಬಂದ ಪರೀಕ್ಷಕರು ಮುಕ್ಕಾಲು ಗಂಟೆ ಇಲಿಯ ಸೆಲ್‌ಗಳ ಬಗ್ಗೆಯೇ ಕೇಳಿದರು.

ಆಮೇಲೆ ಎರಡು ಇಂಟರ್‌ವ್ಯೂ. ಒಂದರಲ್ಲಿ ಪೇಪರ್ ಪಟ್ಟಿ ನೋಡಿ, "ತಿದ್ದುಪಡಿ ಯಾಕಾಯ್ತು?" ಎಂದು ಕೇಳಿ, ಉತ್ತರ ಪೂರ್ತಿ ಕೇಳದೆ ಮುಂದಿನ ಪ್ರಶ್ನೆಗೆ ಹೋದರು. ಆ ಕೆಲಸ ಸಿಗಲಿಲ್ಲ. ಇನ್ನೊಂದರಲ್ಲಿ ಆ ವಿಷಯ ಯಾರೂ ಎತ್ತಲೇ ಇಲ್ಲ. ಕೇಳಿದ್ದು ಪಿಸಿಆರ್ ಬಗ್ಗೆ. ಅದು ಸಿಕ್ಕಿತು. ಈಗ ಬೆಳಗಾವಿಯಲ್ಲೇ ಮೂರು ವರ್ಷದ ಒಂದು ಪ್ರಾಜೆಕ್ಟ್‌ನಲ್ಲಿದ್ದಾಳೆ, ಬಾಣಂತಿಯರ ರಕ್ತದ ಸ್ಯಾಂಪಲ್‌ಗಳ ಮೇಲೆ ಕೆಲಸ. ವಯಸ್ಸು 30 ಆಗಿದೆ. ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ಗೆ 35ರ ಮಿತಿ ಇದೆ, ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ. ಅರ್ಜಿ ಬರೆಯುತ್ತಿದ್ದಾಳೆ. ಎರಡು ವರ್ಷ ಹಿಂದೆ ಬಿದ್ದಿದ್ದಾಳೆ ಎನ್ನುವುದು ನಿಜ. ಆ ಎರಡು ವರ್ಷದ ಹಣವನ್ನು ಅವಳಿಗೆ ಯಾರೂ ಕೊಡಲಿಲ್ಲ. ಸೆಲ್ ಕೊಟ್ಟ ಲ್ಯಾಬ್ ಆಗಲಿ, ಸಹಿ ಹಾಕಿದ ನಾನಾಗಲಿ ಏನೂ ಕಳೆದುಕೊಳ್ಳಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಲ್ಯಾಬ್‌ನಲ್ಲಿ ಈಗ ಹೊಸ ಸೆಲ್ ಬಂದರೆ ಎರಡು ವಾರ ಬೇರೆ ಇನ್ಕ್ಯುಬೇಟರ್‌ನಲ್ಲಿಡುತ್ತಾರೆ. ಮೈಕೊಪ್ಲಾಸ್ಮ (ಸೆಲ್‌ಗಳಿಗೆ ಹತ್ತುವ ಸಣ್ಣ ಬ್ಯಾಕ್ಟೀರಿಯಾ) ಮತ್ತು ಎಚ್‌ಪಿವಿ-18 ಪಿಸಿಆರ್ ಮಾಡಿ, ಎಸ್‌ಟಿಆರ್ ವರದಿ ಬಂದ ಮೇಲೆಯೇ ಒಳಗೆ ಬಿಡುತ್ತಾರೆ. ನಿಯಮ ಬರೆದವರು ಗೈಡ್. ಎಸ್‌ಟಿಆರ್ ಖರ್ಚನ್ನು ಪ್ರತಿ ವಿದ್ಯಾರ್ಥಿಯ ಬಜೆಟ್‌ನಲ್ಲಿ ಮೊದಲ ವರ್ಷವೇ ಸೇರಿಸಬೇಕೆಂದು ನಾನು ಕೊಟ್ಟ ಅರ್ಜಿ ಇನ್ನೂ ಟೇಬಲ್‌ನಿಂದ ಟೇಬಲ್‌ಗೆ ಓಡಾಡುತ್ತಿದೆ.

ಹೋದ ತಿಂಗಳು ಅವಳು ರಜೆ ಹಾಕಿ ಹಳೆಯ ಲ್ಯಾಬ್‌ಗೆ ಬಂದಿದ್ದಳು. ನೈಟ್ರೋಜನ್ ಟ್ಯಾಂಕ್‌ನ ರಿಜಿಸ್ಟರ್ ಸರಿಮಾಡುವುದಿತ್ತು. ಚಾಂಗ್ ಎಂದು ಬರೆದಿದ್ದ 23 ವಯಲ್‌ಗಳು ಇನ್ನೂ ಉಳಿದಿದ್ದವು. ಎರಡನೇ ವರ್ಷದ ಹುಡುಗ, "ಅಕ್ಕಾರ, ಇವನ್ನ ಒಗದ ಬಿಡ್ಲೇನ್ರಿ?" ಎಂದು ಕೇಳಿದ.

"ಬ್ಯಾಡೋ, ಇಡು. ಎಚ್‌ಪಿವಿ ಟೆಸ್ಟಿಗೆ ಪಾಸಿಟಿವ್ ಕಂಟ್ರೋಲ್ ಆಗ್ತಾವ" ಎಂದು ಹೇಳಿ ಮಾರ್ಕರ್ ತೆಗೆದುಕೊಂಡಳು. ವಯಲ್‌ಗಳು ಬಿಸಿಯಾಗದ ಹಾಗೆ ನಾಲ್ಕು ನಾಲ್ಕೇ ಹೊರಗೆ ತೆಗೆದು, ಹಳೆಯ ಹೆಸರು ಹೊಡೆದುಹಾಕಿ, ಪ್ರತಿಯೊಂದರ ಮೇಲೂ ಹೀಲಾ ಎಂದು ಬರೆದು ವಾಪಸ್ ಇಟ್ಟಳು.